ಸವರಿ ಎಂದವನು ನಾನೇ

1994ರಲ್ಲಿ ನಾನು ಧರ್ಮಪುರಿ ಜಿಲ್ಲೆಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಕಂಬೈನಲ್ಲೂರು ಮತ್ತು ಅದರ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಮಾವಿನ ತೋಪುಗಳಿಗೆ ಹೋಗುವುದು, ರೋಗ, ಕೀಟ, ಗೊಬ್ಬರದ ವಿಚಾರ ರೈತರಿಗೆ ತಿಳಿಸುವುದು ನನ್ನ ಕೆಲಸ. ಹಿತ್ತಿಲಲ್ಲಿ ಒಂದು ಮರ ಇಟ್ಟುಕೊಂಡವರನ್ನು ನಾವು ರೈತರೆಂದು ಪರಿಗಣಿಸುತ್ತಲೂ ಇರಲಿಲ್ಲ. ಆದರೆ ಇಡೀ ಸರ್ವೀಸಿನಲ್ಲಿ ನನ್ನ ತಲೆ ಕೆಡಿಸಿದ ಮರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅಂಥ ಒಂದು ಹಿತ್ತಿಲ ಮರವನ್ನೇ.

ಆ ವರ್ಷ ಜೂನ್ ಕೊನೆಯಲ್ಲಿ ಹಳ್ಳಿಯೊಂದರ ಪಂಚಾಯಿತಿ ಕಟ್ಟೆಯ ಮೇಲೆ ಕೂತು ರೈತರ ಜತೆ ತಮಿಳಿನಲ್ಲಿ ಮಾತಾಡುತ್ತಿದ್ದೆ. ಎಲ್ಲರೂ ಎದ್ದು ಹೋದ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹತ್ತಿರ ಬಂದು ಮುರುಕು ತಮಿಳಿನಲ್ಲಿ ಏನೋ ಕೇಳಲು ತಡವರಿಸಿದರು. ಅವರ ಬಾಯಲ್ಲಿ ತಮಿಳಿನ 'ಮರಂ' ಬದಲು 'ಮರ' ಎನ್ನುವ ಮಾತು ಬಂದದ್ದರಲ್ಲೇ ಕನ್ನಡದವರೆಂದು ಗೊತ್ತಾಯಿತು. "ಕನ್ನಡದಲ್ಲೇ ಹೇಳಿ ಅಮ್ಮ" ಅಂದೆ. ಅವರ ಮುಖ ಅರಳಿತು.

"ಅಯ್ಯೋ ಸಾಮಿ, ನಮ್ ಮಾತಾ ನಿಮ್ದೂ?"

ನಮ್ಮದೇ ಮಾತು. ನಾನು ಸೇಲಂನ ಕೈಮಗ್ಗದ ಮನೆಯವನು. ಓದಿದ್ದು ತಮಿಳು, ಇಂಗ್ಲಿಷ್. ಕನ್ನಡ ಮನೆಯೊಳಗಿನ ಭಾಷೆ. ಅದರ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಹೆಂಡತಿಯ ಹತ್ತಿರ ಬೈಸಿಕೊಂಡು. ಆಫೀಸಿನ ಕೆಲಸದಲ್ಲಿ ಕನ್ನಡ ಆಡುವ ಅವಕಾಶ ಸಿಕ್ಕಿದರೆ ನನಗೆ ಎಲ್ಲಿಲ್ಲದ ಖುಷಿ. ಮಾದಮ್ಮ ಎಂಬ ಆ ಹೆಂಗಸು ಕರೆದ ಕೂಡಲೇ ಅವರ ಮನೆಗೆ ಹೊರಟುಬಿಟ್ಟೆ.

ಹಿತ್ತಿಲಲ್ಲಿ ನಾಟಿ ಮಾವಿನ ಮರ. ಬಿದಿರ ಗಳಕ್ಕೆ ಹಗ್ಗ ಕಟ್ಟಿ ಅಳೆದೆ, ಮೂವತ್ತೆಂಟು ಅಡಿ. ಅರ್ಧ ಮರ ಹೆಂಚಿನ ಮಾಡಿನ ಮೇಲೆ ಚಾಚಿಕೊಂಡಿತ್ತು. ಹಿಂದಿನ ವರ್ಷ ಮಾದಮ್ಮನ ಯಜಮಾನರು ಕಾಯಿ ಕೀಳಲು ಹತ್ತಿ, ಮೇಲಿನ ಕೊಂಬೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂರು ತಿಂಗಳು ಹಾಸಿಗೆ ಹಿಡಿದು ತೀರಿಹೋದರು. ಮಗ ಮುನಿರಾಜ, ಮೂವತ್ತು ದಾಟಿದವನು, ಆ ಮರದ ಕಡೆ ನೋಡಲೂ ಸಿದ್ಧನಿರಲಿಲ್ಲ.

"ಅಪ್ಪನ್ನ ತಿಂದ್ ಮರ ಸಾರ್ ಇದು. ಬೇರ್ ಸಮೇತ ಕಿತ್ತಾಕ್ಬೇಕು" ಅಂದ.

ಮಾದಮ್ಮ ಅವನತ್ತ ತಿರುಗಲಿಲ್ಲ, ನನಗೇ ಹೇಳಿದರು: "ಮರದ್ ತಪ್ಪಲ್ಲ ಸಾಮಿ, ಎತ್ತರದ್ ತಪ್ಪು. ಇಳ್ಸ್ಕೊಡಿ. ನೆಲದ್ ಮ್ಯಾಲೆ ನಿಂತ್ಕಂಡ್ ಕೀಳಂಗೆ ಮಾಡ್ಕೊಡಿ."

ಯಜಮಾನರು ಮದುವೆಯಾದ ವರ್ಷ ನೆಟ್ಟ ಮರ ಅದು. ತಾಯಿ ಮಗನ ನಡುವೆ ಮಾತು ನಿಂತು ಎಷ್ಟು ದಿನವಾಗಿತ್ತೋ ಗೊತ್ತಿಲ್ಲ. ನಾನು ನಡುವೆ ಬಾಯಿ ಹಾಕಿ, ಮೂರು ವರ್ಷ ಕೊಟ್ಟರೆ ಮರವನ್ನು ಇಳಿಸಿ ತೋರಿಸುತ್ತೇನೆ ಅಂದೆ. ಮುನಿರಾಜ ಒಪ್ಪಿದ. "ಮೂರ್ ವರ್ಸ. ಮೂರ್ನೇ ವರ್ಸ ಏಣಿ ಇಲ್ದಂಗೆ ಒಂದ್ ಕಾಯಿ ಕೀಳಕ್ ಆಗ್ಲಿಲ್ಲಾಂದ್ರೆ ಕೊಡಲಿ ಆಕ್ತೀನಿ. ಆಮೇಲೆ ಯಾರೂ ಅಡ್ಡ ಬರಂಗಿಲ್ಲ."

ಬೆಳೆದ ಮಾವಿನ ಮರವನ್ನು ಕುಳ್ಳಗೆ ಮಾಡುವುದಕ್ಕೆ ಒಂದು ಕ್ರಮವಿದೆ. ಒಂದು ವರ್ಷಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಸಿರನ್ನು ತೆಗೆಯಬಾರದು. ಕೊಯ್ಲು ಮುಗಿದ ಕೂಡಲೇ ನಡುವಿನ ನೆಟ್ಟನೆಯ ಕೊಂಬೆಯನ್ನು ತೆಗೆದು ಮರದ ಹೊಟ್ಟೆಯೊಳಗೆ ಬೆಳಕು ಬಿಡಬೇಕು. ಮುಂದಿನ ವರ್ಷ ಪಕ್ಕದ ದೊಡ್ಡ ಕೊಂಬೆಗಳು, ಅದರ ಮುಂದಿನ ವರ್ಷ ಉಳಿದವು. ಒಂದೇ ಸಲ ಬೋಳು ಮಾಡಿದರೆ ನೆರಳಲ್ಲಿ ಬೆಳೆದ ತೊಗಟೆ ಬಿಸಿಲಿಗೆ ಸುಟ್ಟು ಸೀಳುತ್ತದೆ. ಕಡಿದ ಗಾಯದೊಳಗೆ ನೀರು ಇಳಿದು ಕೊಳೆಯುತ್ತದೆ. ಗಾಯಕ್ಕೆ ಹಚ್ಚಲು ಬೋರ್ಡೋ ಪೇಸ್ಟ್ ಎಂಬ ಮದ್ದಿದೆ. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆ ಬೇರೆ ನೆನೆಸಿ ಕಲಸಿದರೆ ತಿಳಿ ನೀಲಿ ಬಣ್ಣದ ಗಟ್ಟಿ ಲೇಪವಾಗುತ್ತದೆ.

ಜುಲೈ ಎರಡನೇ ವಾರ ಗರಗಸದವರಿಬ್ಬರನ್ನು ಕರೆದುಕೊಂಡು ಹೋಗಿ ನಡುಗೊಂಬೆಯನ್ನೂ ಹೆಂಚಿನ ಮೇಲಿದ್ದ ಎರಡು ಕೊಂಬೆಗಳನ್ನೂ ತೆಗೆಸಿದೆ. ನಾನೇ ಮೆಚ್ಚಿಕೊಳ್ಳುವಷ್ಟು ಚೆಂದದ ಕೆಲಸ. ಮಣ್ಣಿನ ಮಡಕೆಯಲ್ಲಿ ಮದ್ದು ಕಲಸಿಟ್ಟು ಮಾದಮ್ಮನಿಗೆ ಹೇಳಿದೆ: "ನಾಳೆ ಗಾಯ ಒಣಗಿದ್ಮೇಲೆ ಈ ಮದ್ದಿಂದ ಕಡ್ದಿರೋ ಕಡೆ ಎಲ್ಲಾ ಸವರಿ. ಒಂದನ್ನೂ ಬಿಡ್ಬೇಡಿ. ಹದಿನೈದು ದಿನ ಬಿಟ್ಟು ಇನ್ನೊಂದ್ ಸಲ ಸವರಿ, ಆಗ ದಪ್ಪಕ್ಕೆ ಸವರಿ."

"ಸವರ್ತೀನಿ ಸಾಮಿ. ಎರಡ್ ಕಿತ ಸವರ್ತೀನಿ. ಎರಡ್ನೇ ಕಿತ ದಪ್ಪಕ್ಕೆ" ಎಂದು ಅವರು ಒಂದಕ್ಷರ ಬಿಡದೆ ಒಪ್ಪಿಸಿದರು. ತಮಿಳಿನಲ್ಲಿ ಹೇಳಿದರೆ ಮೂರು ಸಲ ವಿವರಿಸಬೇಕಾದದ್ದನ್ನು ನಮ್ಮ ಭಾಷೆಯಲ್ಲಿ ಒಂದೇ ಮಾತಿಗೆ ಮುಗಿಸಿದೆ ಎಂದು ಬೀಗುತ್ತ ಬಸ್ಸು ಹತ್ತಿದೆ.

ಮತ್ತೆ ಹೋಗಲು ಆದದ್ದು ಆಗಸ್ಟ್ ಮಧ್ಯದಲ್ಲಿ. ಹಿತ್ತಿಲಿಗೆ ಕಾಲಿಟ್ಟವನು ದಾರಿ ತಪ್ಪಿ ಬೇರೆಯವರ ಮನೆಗೆ ಬಂದೆನೋ ಎಂದು ಒಂದು ಕ್ಷಣ ಹಿಂದೆ ಸರಿದೆ. ಮರ ಇರಲಿಲ್ಲ. ಆಳೆತ್ತರದ ಬೊಡ್ಡೆ, ಅದರಿಂದ ಹೊರಟ ಐದು ಮೊಂಡು ತೋಳು, ಅಷ್ಟೇ. ಒಂದು ಎಲೆಯೂ ಇಲ್ಲ. ಕಡಿತದ ಅಂಚುಗಳಲ್ಲಿ ಅಲ್ಲಲ್ಲಿ ನೀಲಿ ಗೀರುಗಳು. ನನಗೆ ಏನೂ ತಿಳಿಯಲಿಲ್ಲ. ಕಳ್ಳರು ಕಡಿದರೇ? ಕಳ್ಳರು ಕಡಿದರೆ ಮದ್ದು ಹಚ್ಚುತ್ತಾರೆಯೇ?

ಮುನಿರಾಜ ನಗುತ್ತ ಬಂದ. ಅವನು ನಕ್ಕಿದ್ದನ್ನು ನಾನು ನೋಡಿದ್ದೇ ಅಂದು. "ವಾಂಗ ಸಾರ್, ಬನ್ನಿ, ಕಾಪಿ ಕುಡೀರಿ. ಒಳ್ಳೇ ಕೆಲ್ಸ ಮಾಡ್ಸಿದ್ರಿ. ಇನ್ ಬೇರ್ ಒಂದ್ ಬಾಕಿ ಐತೆ."

ನನ್ನ ಸಿಟ್ಟು ನೆತ್ತಿಗೇರಿತು. ಕೊಟ್ಟ ಮಾತಿಗೆ ತಪ್ಪಿದವನು, ವಿಧವೆ ತಾಯಿಗೆ ಮೋಸ ಮಾಡಿದವನು ಎಂದೆಲ್ಲ ಬಾಯಿಗೆ ಬಂದಂತೆ ಬೈದೆ. ಅವನು ಬಾಯಿ ಬಿಟ್ಟುಕೊಂಡು ನಿಂತ. "ಏನ್ ಸಾರ್ ಇಂಗಂತೀರಾ? ನಾನ್ ಕೈ ಇಟ್ಟೇ ಇಲ್ಲ. ಅವ್ವ ಆಳ್ ಇಟ್ಟು ಮಾಡ್ಸಿದ್ದು. ನೀವ್ ಏಳಿದ್ರಂತಲ್ಲ."

ಒಳಗಿನಿಂದ ಮಾದಮ್ಮ ಬಂದರು. ಅವರ ಮುಖದಲ್ಲಿ ಕೆಲಸ ಮುಗಿಸಿದ ನಿರಾಳ. "ನೀವ್ ಏಳ್ದಂಗೇ ಮಾಡೀವ್ನಿ ಸಾಮಿ. ಮಚ್ಚನ್ನ ಮದ್ದಾಗೆ ಅದ್ದಿ ಅದ್ದಿ ಸವರ್ಸಿದೆ. ಮೊದಲ್ನೇ ಕಿತ ಸಣ್ಣುವು. ಎರಡ್ನೇ ಕಿತ ದಪ್ಪುವು. ಒಂದೂ ಬಿಟ್ಟಿಲ್ಲ."

ಮಚ್ಚನ್ನು ಮದ್ದಿನಲ್ಲಿ ಅದ್ದಿದರಂತೆ! ಈಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮುದುಕಿಗೆ ಗಂಡ ಸತ್ತ ದುಃಖದಲ್ಲಿ ಅರಳು ಮರಳಾಗಿದೆ ಎಂದುಕೊಂಡೆ. ಆದರೆ ಅವರು ಹೇಳಿದ ಪ್ರತಿಯೊಂದು ಮಾತೂ ನನ್ನದೇ. ಎರಡು ಸಲ, ಒಂದನ್ನೂ ಬಿಡದೆ, ದಪ್ಪ, ಎಲ್ಲವೂ ಸರಿ. ಹಾಗಾದರೆ ಕಡಿಯಿರಿ ಎಂದು ನಾನೇ ಯಾವಾಗಲಾದರೂ ಹೇಳಿದೆನೇ? ಕಾಫಿ ಕುಡಿಯದೆ ಹೊರಟುಬಂದೆ.

ಕಂಬೈನಲ್ಲೂರಿನ ಬಸ್ ಸ್ಟಾಪಿನಲ್ಲಿ ಡೈರಿ ತೆಗೆದು ನೋಡಿದೆ. 'ಪೇಸ್ಟ್ ಹಚ್ಚಲು ಸೂಚಿಸಲಾಗಿದೆ' ಎಂದು ತಮಿಳಿನಲ್ಲಿ ಬರೆದುಕೊಂಡಿದ್ದೆ. ಅದನ್ನು ನಾಲ್ಕು ಸಲ ಓದಿದೆ. ಪಕ್ಕದಲ್ಲಿ ಸೊಪ್ಪಿನ ಹೊರೆ ಇಳಿಸಿಕೊಂಡು ಕೂತಿದ್ದ ಹೆಂಗಸನ್ನು ಇನ್ನೊಬ್ಬಳು ಕೇಳುತ್ತಿದ್ದಳು, ಇಷ್ಟೊಂದು ಬೇವಿನ ಸೊಪ್ಪು ಎಲ್ಲಿಂದ ಎಂದು. "ಕೆರೆ ಮ್ಯಾಲೆ ಮರ ಐತಲ್ಲ, ಆಡ್ಗೆ ಮೇವು ಅಂತ ಸವರ್ಕಂಡ್ ಬಂದೆ" ಅಂದಳು ಅವಳು.

ಡೈರಿ ಮುಚ್ಚಿದೆ. ನಮ್ಮ ಮನೆಯಲ್ಲಿ ಸವರುವುದೆಂದರೆ ಒಂದೇ: ಮಗ್ಗಕ್ಕೇರಿಸುವ ನೂಲಿನ ಎಳೆಗಳಿಗೆ ಗಂಜಿ ಸವರುವುದು. ಬೀದಿಯುದ್ದಕ್ಕೂ ಎಳೆ ಎಳೆದು ಕಟ್ಟಿ ನಮ್ಮಪ್ಪ ಕುಂಚದಿಂದ ಸವರುತ್ತಿದ್ದರು. ಮಗ್ಗದ ಬೀದಿಯಲ್ಲಿ ಹುಟ್ಟಿ ಬೆಳೆದ ನಾನು ಆ ಮಾತನ್ನು ಮರದ ವಿಚಾರದಲ್ಲಿ ಕೇಳಿಯೇ ಇರಲಿಲ್ಲ. ಹೊಲದವರಿಗೆ ಸವರುವುದೆಂದರೆ ಕೊಂಬೆ ಕಡಿಯುವುದು. ಅದರಲ್ಲೂ 'ಈ ಮದ್ದಿಂದ' ಸವರಿ ಅಂದಿದ್ದೆ. ಪಾಪ, ಮಚ್ಚಿಗೆ ಹಚ್ಚದೆ ಅವರು ಇನ್ನೇನು ಮಾಡಬೇಕಿತ್ತು? ಧರ್ಮಪುರಿಯ ಬಸ್ಸು ಬಂದು ಹೋಯಿತು. ನಾನು ಹತ್ತದೆ ಎರಡು ಮೈಲಿ ವಾಪಸು ನಡೆದೆ.

ತಾಯಿ ಮಗ ಇಬ್ಬರನ್ನೂ ಕೂರಿಸಿ ಹೇಳಿದೆ. ಅಂಗೈಯಲ್ಲಿ ಗೋಡೆಯ ಮೇಲೆ ಸವರಿ ತೋರಿಸಿದೆ. ಮುನಿರಾಜನಿಗೆ ಬೈದದ್ದಕ್ಕೆ ಕ್ಷಮೆ ಕೇಳಿದೆ. ತಪ್ಪು ನನ್ನದು, ಅಮ್ಮನದಲ್ಲ ಎಂದು ಎರಡೆರಡು ಸಲ ಹೇಳಿದೆ. ಆದರೆ ಮಾದಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಎದ್ದು ಹೋಗಿ ಬೊಡ್ಡೆಯ ಬುಡದಲ್ಲಿ ಕೂತರು.

"ಅಂಗಾದ್ರೆ ನಾನೇ ಕಡ್ಸಿದ್ನಾ? ಇವ್ನು ಕಡೀತೀನಿ ಅಂದಾಗ ಊಟ ಬಿಟ್ಟವ್ಳು, ನಾನೇ ಆಳ್ ಕರ್ದು ಕಡ್ಸಿದ್ನಾ?" ಎಂದು ಅಳತೊಡಗಿದರು.

ಮಗ ಗೆದ್ದವನಂತೆ ನಗುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ಅಪ್ಪ ಸತ್ತಾಗಲೂ ಅವ್ವ ಹೀಗೆ ಅತ್ತಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ಆಗ ಮಾತ್ರ, "ಮೂರ್ ವರ್ಸ ಅಂದಿದ್ನಲ್ಲವ್ವ. ಮೂರ್ ವರ್ಸ ಇರ್ಲಿ. ನಾನ್ ಮುಟ್ಟಕಿಲ್ಲ" ಅಂದ.

ಇರಲಿ ಎಂದ ಮಾತ್ರಕ್ಕೆ ಮರ ಬದುಕಬೇಕಲ್ಲ. ನನಗೂ ಖಾತ್ರಿ ಇರಲಿಲ್ಲ. ಮುದಿ ಮರಗಳನ್ನು ಹೀಗೆ ಬೊಡ್ಡೆಗೆ ಕಡಿದು ಹೊಸದಾಗಿ ಚಿಗುರಿಸುವ ಪದ್ಧತಿ ಇದೆ ಎಂದು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಬೊಡ್ಡೆಗೆಲ್ಲ ಸುಣ್ಣ ಹೊಡೆಸಿ ಬಿಸಿಲಿನಿಂದ ತೊಗಟೆ ಉಳಿಸಿದೆ. ಗಾಯಗಳಿಗೆ ನಾನೇ ಕೈಯಾರೆ ಮದ್ದು ಹಚ್ಚಿದೆ. ಆ ತಿಂಗಳ ವರದಿಯಲ್ಲಿ 'ಒಂದು ಮರ, ಎತ್ತರ ತಗ್ಗಿಸಲಾಗಿದೆ' ಎಂದು ಬರೆದೆ. ಮೇಲಧಿಕಾರಿ "ಎಷ್ಟು, ಮೂರನೇ ಒಂದು ಪಾಲಾ?" ಎಂದು ಕೇಳಿದರು. "ಸ್ವಲ್ಪ ಜಾಸ್ತಿ ಸಾರ್" ಅಂದೆ. ಸುಳ್ಳೋ ನಿಜವೋ ನನಗೇ ಗೊತ್ತಾಗಲಿಲ್ಲ.

ಅಕ್ಟೋಬರಿನ ಮಳೆ ಎರಡು ಬಿದ್ದ ಮೇಲೆ ಮೊಂಡು ತೋಳುಗಳ ತೊಗಟೆ ಒಡೆದು ತಾಮ್ರದ ಬಣ್ಣದ ಚಿಗುರು ಬಂತು. ಹತ್ತಲ್ಲ, ಇಪ್ಪತ್ತಲ್ಲ, ಮೈತುಂಬ. ಮಾದಮ್ಮ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಹೀಗೆ ಬಂದ ಚಿಗುರನ್ನೆಲ್ಲ ಬಿಟ್ಟರೆ ಪೊದೆಯಾಗುತ್ತದೆ. ತೋಳಿಗೆ ಮೂರು ನಾಲ್ಕು, ಹೊರಮುಖವಾಗಿರುವುದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಚಿವುಟಬೇಕು. ಚಿವುಟಿದ ಮೇಲೆ ಮದ್ದಿನ ಮಡಕೆ ಕೊಟ್ಟು ಬಾಯಿ ತೆರೆದೆ. ಹಾಳಾದ ಅಭ್ಯಾಸ, ಅದೇ ಮಾತು ಹೊರಬಂತು: "ಇದನ್ನ ಸವರಿ."

ಮಾದಮ್ಮ ಮಡಕೆಯನ್ನು ಎದೆಗೆ ಒತ್ತಿ ಹಿಡಿದು ನನ್ನ ಮುಖ ನೋಡಿದರು. "ಯಾವ್ ಸವರಾದು ಸಾಮಿ? ಮಚ್ಚುಂದಾ, ಕೈಯ್ದಾ?"

ಮುನಿರಾಜ ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ನಾನು ಕೈ ಎತ್ತಿ ತೋರಿಸುವ ತನಕ ಕದಲಲೂ ಇಲ್ಲ.

ಎರಡು ವರ್ಷ ಹೂವಿಲ್ಲ. ಬೇರೆಲ್ಲ ಮರಗಳು ಹೂ ಬಿಟ್ಟಾಗ ಇದು ಬರೀ ಎಲೆ ಬಿಟ್ಟಿತು. ಪ್ರತಿ ಸಲ ಹೋದಾಗಲೂ "ಬತ್ತದಾ ಸಾಮಿ?" ಎಂದು ಕೇಳುತ್ತಿದ್ದರು. ಬರುತ್ತದೆ ಎನ್ನಲು ಧೈರ್ಯವಿಲ್ಲದೆ, ಬರುವುದಿಲ್ಲ ಎನ್ನಲು ಮನಸ್ಸಿಲ್ಲದೆ ನಾನು ಗೊಬ್ಬರದ ಮಾತು ತೆಗೆಯುತ್ತಿದ್ದೆ. 1997ರ ಜನವರಿಯಲ್ಲಿ ಒಂದು ಕಡೆ ಮಾತ್ರ ಹೂ ಕಾಣಿಸಿತು. ಮೇ ಕೊನೆಯಲ್ಲಿ ಬರಹೇಳಿ ಕಳುಹಿಸಿದರು. ಮರ ಒಂಬತ್ತು ಅಡಿ ಇತ್ತು, ಕೊಡೆ ಬಿಚ್ಚಿದ ಹಾಗೆ ದುಂಡಗೆ. ಕಾಯಿ ಹದಿನೇಳು.

ಮಾದಮ್ಮ ತಾವು ಕೀಳಲಿಲ್ಲ. ಮಗನನ್ನು ಕರೆದು, "ಕೀಳ್ಲಾ" ಅಂದರು. ಅಪ್ಪ ಹೋದ ಮೇಲೆ ಅವನು ಆ ಮರ ಮುಟ್ಟಿರಲಿಲ್ಲ. ಚಪ್ಪಲಿ ಬಿಟ್ಟು ಬಂದು, ಕೈ ಎತ್ತಿ, ತೊಟ್ಟು ತಿರುಚಿ ಒಂದನ್ನು ಕಿತ್ತ. ಕಿತ್ತವನು ಕಾಯಿಯನ್ನು ನೋಡಲಿಲ್ಲ, ನೆಲದ ಮೇಲಿದ್ದ ತನ್ನ ಕಾಲುಗಳನ್ನು ನೋಡಿಕೊಂಡ. ಆಮೇಲೆ ಅದನ್ನು ಅವ್ವನ ಕೈಗೆ ಕೊಟ್ಟು, ನಮಗೆ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತ. ನನ್ನ ಕಣ್ಣೂ ತುಂಬಿ ಬಂತು. ಮರ ಹೀಗೆ ಇಳಿದದ್ದರಲ್ಲಿ ನನ್ನ ಪಾಲೆಷ್ಟು, ಮಾದಮ್ಮನ ಪಾಲೆಷ್ಟು, ಮರದ್ದೆಷ್ಟು ಎಂದು ಇವತ್ತಿಗೂ ಬಗೆಹರಿದಿಲ್ಲ. ನನ್ನ ಮೂರು ವರ್ಷದ ಯೋಜನೆ ನಡೆದಿದ್ದರೆ ಮರ ಅಷ್ಟು ಕೆಳಗೆ ಇಳಿಯುತ್ತಿತ್ತೇ? ಇಳಿಯುತ್ತಿರಲಿಲ್ಲವೇನೋ. ಹಾಗೆಂದು ಇನ್ನೊಬ್ಬರ ಹಿತ್ತಿಲಲ್ಲಿ ಅದೇ ತಪ್ಪನ್ನು ಬೇಕೆಂದೇ ಮಾಡುವ ಎದೆಗಾರಿಕೆ ನನಗೆ ಬರಲಿಲ್ಲ.

ತಮಿಳಿನಲ್ಲಿ ಮಾತಾಡುವಾಗ ನಾನು ಸದಾ ಎಚ್ಚರದಿಂದ ಇರುತ್ತಿದ್ದೆ, ತಿಳಿಯಿತೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ನಮ್ಮದೇ ಮಾತು ಎಂದು ಹಿಗ್ಗಿದ ಕಡೆ ಕೇಳಲಿಲ್ಲ. ಕೇಳಿದ್ದರೂ ಅವರು ನನ್ನ ಮಾತನ್ನೇ ನನಗೆ ಒಪ್ಪಿಸುತ್ತಿದ್ದರು, ನಾನು ತಲೆಯಾಡಿಸಿ ಬಸ್ಸು ಹತ್ತುತ್ತಿದ್ದೆ. ಅಲ್ಲಿಂದ ರಿಟೈರ್ ಆಗುವ ತನಕ ಯಾರಿಗೆ ಏನು ಹೇಳಿದರೂ ಕೊನೆಗೆ, "ಈಗ ಮಾಡಿ ತೋರಿಸಿ" ಎಂದು ಅವರ ಕೈ ನೋಡುತ್ತ ನಿಲ್ಲುತ್ತಿದ್ದೆ. ಎಷ್ಟೋ ಜನ ಬೇಜಾರು ಮಾಡಿಕೊಂಡರು, ನಮಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು. ತಿಳಿಯದೆ ಇರುವವನು ನಾನು ಎಂದು ಅವರಿಗೆ ಹೇಳುತ್ತಿದ್ದೆ.