ಅಮೆರಿಕದ ಲಕೋಟೆಗೆ ನನ್ನ ಬೆರಳು

ಗೆಳೆಯರೇ, ಬಂದ್ ಮುಗಿಯಿತೆಂದು ಇವತ್ತು ಬೇಗಂ ಬಜಾರಿಗೆ ಹೋದೆ. ವರ್ಷಗಳಿಂದ ಹುಡುಕುತ್ತಿದ್ದದ್ದು ಹಳೇ ಸಾಮಾನಿನಂಗಡಿಯಲ್ಲಿ ಸಿಕ್ಕಿತು: ಅಮೆರಿಕದ ಹಳೆಯ ಲಕೋಟೆ. ಅದರ ಮೇಲೆ, ಆ ಕಾಲದಲ್ಲಿ ಅಲ್ಲಿನ ಊರುಗಳಲ್ಲಿ ಮನೆಮನೆಗೆ ಕಾಗದ ಮುಟ್ಟಿಸುತ್ತಿದ್ದ ಖಾಸಗಿ ಅಂಚೆಯವರ ಸ್ಟಾಂಪು.

ವಿಜಾಪುರ ಕಡೆಯ ಅಂಗಡಿಯವರು ಕತ್ತರಿ ತೆಗೆದರು. "ಲಕೋಟಿ ಹರದೈತ್ರಿ, ಸ್ಟಾಂಪಷ್ಟ ಕತ್ತರಿಸಿ ಕೊಡ್ತೀನಿ."

"ಬ್ಯಾಡ್ರಿ! ಈ ಸ್ಟಾಂಪು ಖರೇನ ಅಂಚಿಗೆ ಹೋಗಿತ್ತು ಅನ್ನೋದಕ್ಕ ಲಕೋಟಿನ ಸಾಕ್ಷಿ!"

ಅವರು ಕೇಳಲಿಲ್ಲ. ನಾನು ಬೆರಳು ಅಡ್ಡ ಹಿಡಿದೆ. ಬೆರಳಿಗೆ ಹೊಲಿಗೆ ಬಿತ್ತು, ಲಕೋಟೆಗೆ ಒಂದು ಹನಿ ರಕ್ತವೂ ತಾಗಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು, "ಬೆರಳ ಹೋಗಿದ್ರ ಏನ್ ಮಾಡ್ತಿದ್ರಿ?"

"ಇನ್ನೂ ಒಂಬತ್ತ ಅದಾವಲ್ಲ. ಲಕೋಟಿ ಒಂದ ಐತಿ."

"ಹಂಗಾದ್ರ ಇವತ್ತ ಆ ಒಂಬತ್ತರಿಂದ ನೀವ ರೊಟ್ಟಿ ಬಡೀರಿ."

ಬಡಿದೆ. ಒಂಬತ್ತು ಬೆರಳಲ್ಲಿ ರೊಟ್ಟಿ ದುಂಡಗಾಗುವುದಿಲ್ಲ.