ಒಂದೇ ಪಾತ್ರಕ್ಕೆ ಇಬ್ಬರು ಬಂದ ಭಾನುವಾರ

ಸ್ವಲ್ಪ ತಾಳಿ, ಇದನ್ನು ಓದಿಯೇ ಮುಂದೆ ಹೋಗಿ. ನಾಟಕ ಬರೆಯುವ ಆಸೆ ಇದ್ದವರಂತೂ ಅಲ್ಲಾಡಲೇಬೇಡಿ.

ಎರಡು ಸಾವಿರದ ಐದೋ ಆರೋ ಇರಬೇಕು. ನನಗೆ ಯಾರೂ ನಾಟಕ ಬರೆಯಲು ಕಲಿಸಿರಲಿಲ್ಲ. ಕೊಪ್ಪದ ಲೈಬ್ರರಿಯಲ್ಲಿ ಅಚ್ಚಾದ ನಾಟಕಗಳನ್ನು ನೋಡಿ ನೋಡಿ ನಾನೇ ಕಲಿತಿದ್ದೆ. ಎಡಗಡೆ ಪಾತ್ರದ ಹೆಸರು, ಅದರೆದುರು ಮಾತು, ಏಳುವುದು ಕೂರುವುದೆಲ್ಲ ಕಂಸದೊಳಗೆ. ಡಿಟಿಪಿ ಅಂಗಡಿಯಲ್ಲಿ ಕೂತು ಇಪ್ಪತ್ತು ಪುಟ ಟೈಪ್ ಮಾಡಿದೆ. ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ!

ಕಥೆ ಒಬ್ಬ ಟೀಚರಮ್ಮನದು. ಹೆಣ್ಣುಮಕ್ಕಳನ್ನು ಓದಿಸಿ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳುವವಳು, ಮನೆಗೆ ಬಂದು ನಾದಿನಿಯ ಓದು ಬಿಡಿಸುತ್ತಾಳೆ. ಶಾಲೆಯ ದೃಶ್ಯದಲ್ಲಿ ಅವಳ ಮಾತಿಗೆ 'ಟೀಚರ್' ಎಂದು ಹಾಕಿದ್ದೆ, ಮನೆಯ ದೃಶ್ಯದಲ್ಲಿ 'ಅತ್ತಿಗೆ' ಎಂದು. ಎರಡರಲ್ಲೂ ಕೈಯಲ್ಲಿ ಕೊಡೆ ಇದೆಯಲ್ಲ, ಒಬ್ಬಳೇ ಎಂದು ಯಾರಿಗೆ ತಿಳಿಯುವುದಿಲ್ಲ?

ನಾಟಕ ಆಡಿಸಲು ಒಪ್ಪಿದ್ದ ನಿವೃತ್ತ ಮೇಷ್ಟರು ಎಡಗಡೆಯ ಹೆಸರುಗಳನ್ನು ಎಣಿಸಿ, ಅವರವರ ಮಾತನ್ನಷ್ಟೇ ಬೇರೆ ಹಾಳೆಗೆ ನಕಲು ಮಾಡಿ ಹಂಚಿಬಿಟ್ಟರು.

ಎಲ್ಲರೂ ಸೇರಿದ ಮೊದಲ ಅಭ್ಯಾಸ ಒಂದು ಭಾನುವಾರ, ಕೊಪ್ಪದ ಶಾಲೆಯೊಂದರಲ್ಲಿ. ಕಿಗ್ಗದಿಂದ ಬಂದ ಹೆಂಗಸೊಬ್ಬರು ಟೀಚರ್ ಪಾತ್ರವನ್ನು ಚೆನ್ನಾಗಿ ಮಾಡಿದರು. ಎರಡನೇ ದೃಶ್ಯಕ್ಕೆ ಅವರು ಬರಲಿ ಎಂದು ಕಾಯುತ್ತಿದ್ದರೆ, ಶೆಟ್ಟಿಕೊಪ್ಪದ ಇನ್ನೊಬ್ಬ ಹೆಂಗಸು ಕೊಡೆ ಹಿಡಿದು ಒಳಗೆ ಬಂದರು!

"ಸರ್, ಇವ್ರು ಯಾರು?"

"ಅತ್ತಿಗೆ ಕಣೋ. ನೀನೇ ಬರ್ದಿದ್ದಲ್ಲ."

"ಅತ್ತಿಗೇನೂ ಟೀಚರೂ ಒಬ್ರೇ ಸರ್!"

"ಎಂತ? ಎಲ್ಲಿ ಬರ್ದಿದೀಯ ಮಾರಾಯ? ಮೊದಲ್ನೇ ಪುಟದಲ್ಲಿ ಪಾತ್ರಗಳ ಪಟ್ಟಿನೇ ಇಲ್ಲ!"

ಹಾಳೆ ತಿರುವಿದೆ. ಎಲ್ಲೂ ಇರಲಿಲ್ಲ.

ಕಿಗ್ಗದವರು ನಕ್ಕುಬಿಟ್ಟರು. "ಅಂತೂ ನಂಗೊಬ್ಳು ಅವಳಿ ತಂಗಿ ಸಿಕ್ಕಿದ್ಲು."

ಶೆಟ್ಟಿಕೊಪ್ಪದವರು ನಗಲಿಲ್ಲ. "ನಾನು ಸ್ಟೇಜ್ ಹತ್ತೋದು ಇದೇ ಮೊದ್ಲು. ಒಂದು ತಿಂಗ್ಳು ಮನೇಲಿ ಜಗಳ ಆಡಿ ಒಪ್ಪಿಸಿ ಬಂದಿದೀನಿ."

"ಇಬ್ರೂ ಬೇರೆಬೇರೆ ಅಂತ್ಲೇ ಮಾಡಿಬಿಡಾಣ," ಎಂದೆ ನಾನು.

ಶೆಟ್ಟಿಕೊಪ್ಪದವರು ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಪೂರ್ತಿ ಓದಿದರು. "ಶಾಲೇಲಿ ಹಂಗೆ ಹೇಳ್ದೋಳೇ ಮನೇಲಿ ಹಿಂಗೆ ಮಾಡ್ತಾಳೆ ಅಂತಲ್ವಾ ನಾಟಕ? ಬೇರೆಬೇರೆ ಮಾಡಿದ್ರೆ ಎಂತ ಉಳೀತದೆ?"

ಬರೆದ ನನಗಿಂತ ಚೆನ್ನಾಗಿ ಅವರಿಗೇ ಅರ್ಥವಾಗಿತ್ತು. ಮೇಷ್ಟರು ಮೆಲ್ಲಗೆ, ಕಿಗ್ಗದವರಿಗೆ ಅನುಭವ ಇದೆ, ಅವರೇ ಮಾಡಲಿ, ನೀವು ಪರದೆ ಹಿಂದೆ ಮಾತು ಹೇಳಿಕೊಡಿ ಎಂದರು.

"ಪರದೆ ಹಿಂದೆ ನಿಲ್ಲೋಕೆ ಅಷ್ಟೆಲ್ಲ ಜಗಳ ಆಡ್ಬೇಕಿತ್ತಾ ಮೇಷ್ಟ್ರೇ?"

ಹಾಳೆಗಳನ್ನು ಮೇಜಿನ ಮೇಲಿಟ್ಟು ತಮ್ಮೂರಿನ ಮೇಲೆ ಹೋಗುವ ನರಸಿಂಹರಾಜಪುರದ ಬಸ್ಸಿಗೆ ಹೊರಟುಹೋದರು. ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಓಡಿದೆ. ತಪ್ಪು ನಂದು ಅನ್ನುವಷ್ಟರಲ್ಲಿ ಬಸ್ಸು ಬಿಟ್ಟಿತ್ತು. ಎರಡೂ ದೃಶ್ಯವನ್ನು ಕಿಗ್ಗದವರೇ ಮಾಡಿದರು, ನಾಟಕಕ್ಕೆ ಚಪ್ಪಾಳೆಯೇನೋ ಬಿತ್ತು. ಶೆಟ್ಟಿಕೊಪ್ಪದವರನ್ನು ಆಮೇಲೆ ಎರಡು ಸಲ ಬೇರೆ ನಾಟಕಗಳಿಗೆ ಕರೆದೆವು, ಬರಲಿಲ್ಲ.

ನೀವು ಬರೆಯುವಾಗ ಬಿಟ್ಟ ಒಂದು ಸಾಲು ಹೀಗೆ ಬೇರೆಯವರ ಆಸೆಗೆ ಕಲ್ಲು ಹಾಕಿದ್ದುಂಟಾ? ಇದ್ದರೆ ಮುಚ್ಚಿಡದೆ ಹೇಳಿ. ಆಮೇಲೆ ಅವರನ್ನು ಹೇಗೆ ಒಲಿಸಿಕೊಂಡಿರಿ ಅನ್ನುವುದನ್ನಂತೂ ಖಂಡಿತ ಬರೆಯಿರಿ.