ಪೊಲೀಸ್ ಕಂಪ್ಯೂಟರಿನಲ್ಲಿ ನಾನು ಗಾಯಾಳು

2006ರಲ್ಲಿ, ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ನಡೆದದ್ದು. ಆಗ ನಾವು ಅತ್ತಿಗುಪ್ಪೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ರಾಮನಗರದಲ್ಲಿ ತಂಗಿಯ ಮಗುವಿನ ನಾಮಕರಣ. ನಮ್ಮ ಯಜಮಾನರು ಡ್ಯೂಟಿ ಮುಗಿಸಿಕೊಂಡು ಸಂಜೆ ಬರುತ್ತೇನೆ ಎಂದಿದ್ದರು. ನಾನು ಬೆಳಿಗ್ಗೆಯೇ ಹೊರಟು ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ.

ಬಸ್ಸು ಬಂದದ್ದೇ ತಡ, ಜನ ಬಾಗಿಲಿಗೆ ಮುತ್ತಿಕೊಂಡರು. ನಾನೇನು ಕಮ್ಮಿಯೇ? ಕಿಟಕಿ ಪಕ್ಕದ ಸೀಟು ಖಾಲಿ ಕಂಡಿತು, ಬ್ಯಾಗನ್ನು ಒಳಕ್ಕೆ ಎಸೆದೇಬಿಟ್ಟೆ. ಬ್ಯಾಗು ಯಾರದೋ, ಸೀಟೂ ಅವರದೇ; ಅದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡ ಕಾನೂನು. ಆದರೆ ಬಾಗಿಲ ಬಳಿ ಹೋದರೆ ಕಾಲಿಡಲೂ ಜಾಗವಿಲ್ಲ. ಕಂಡಕ್ಟರ್ "ರೈಟ್" ಅಂದ.

"ಅಯ್ಯೋ, ನನ್ನ ಬ್ಯಾಗು ಒಳಗಿದೆ ಕಣಪ್ಪಾ!" ಎಂದು ಬಸ್ಸಿನ ಹಿಂದೆ ಓಡಿದೆ. ಯಾರು ಕೇಳುತ್ತಾರೆ? ಹಸಿರು ಸೀರೆಯ ಹೆಂಗಸೊಬ್ಬಳು ನನ್ನ ಬ್ಯಾಗನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡದ್ದು ಮಾತ್ರ ಕಂಡಿತು. ಅದರಲ್ಲಿ ನನ್ನ ರೇಷ್ಮೆ ಸೀರೆ, ಮೊಬೈಲು, ವೋಟರ್ ಕಾರ್ಡು ಎಲ್ಲಾ ಇದ್ದವು. ಸೀಟೂ ಹೊಡೆದಳು, ಬ್ಯಾಗೂ ಹೊಡೆದಳು ಎಂದು ಅವಳಿಗೆ ಮನಸಾರೆ ಶಾಪ ಹಾಕುತ್ತಾ ಮುಂದಿನ ಬಸ್ಸು ಹತ್ತಿದೆ.

ಬಿಡದಿ ದಾಟಿದ ಮೇಲೆ ರಸ್ತೆಯೆಲ್ಲಾ ಜಾಮ್. ಇಳಿದು ನೋಡಿದರೆ ಅದೇ ಬಸ್ಸು ಪಕ್ಕದ ಹಳ್ಳಕ್ಕೆ ಮಗುಚಿಕೊಂಡು ಬಿದ್ದಿದೆ. ಹತ್ತಿದ್ದರೆ ನಾನೂ ಅದರೊಳಗೇ ಇರುತ್ತಿದ್ದೆನಲ್ಲ! ಗಾಯಾಳುಗಳನ್ನೆಲ್ಲ ಆಗಲೇ ಕೆಂಗೇರಿ ಕಡೆಯ ಬೇರೆ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದ್ದರು. ಸಾಮಾನಿನ ವಿಷಯ ಕೇಳಲು ಕೆಂಗೇರಿಯ ಒಂದು ಕಲ್ಯಾಣ ಮಂಟಪಕ್ಕೆ ಹೋಗಬೇಕು, ಅಲ್ಲಿ ಪೊಲೀಸರು ಸಹಾಯ ಕೇಂದ್ರ ಮಾಡಿದ್ದಾರೆ ಎಂದು ಹಳ್ಳದ ಬಳಿ ನಿಂತಿದ್ದ ಪೇದೆ ಹೇಳಿದ. ಮತ್ತೆ ಕೆಂಗೇರಿಗೆ ವಾಪಸ್ ಬಂದೆ.

ಮಂಟಪದಲ್ಲಿ ಊಟದ ಟೇಬಲ್‌ಗಳ ಮೇಲೆ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದರು. ಅದು ಆಗಷ್ಟೇ ಬಂದ ಹೊಸ ವ್ಯವಸ್ಥೆಯಂತೆ. ಯಾವ ಆಸ್ಪತ್ರೆಯಲ್ಲಿ ಯಾರಿದ್ದಾರೆ, ಏನು ಉಟ್ಟಿದ್ದಾರೆ, ಮೈಮೇಲೆ ಏನು ಗುರುತು, ಎಲ್ಲವನ್ನೂ ಒಂದು ಕಡೆ ತುಂಬುವುದು. ಮನೆಯವರು ಬಂದು ಹೇಳುವ ಗುರುತುಗಳನ್ನು ಇನ್ನೊಂದು ಕಡೆ ತುಂಬುವುದು. ಎರಡೂ ಹೊಂದಿದರೆ ಕಂಪ್ಯೂಟರು ತಾನೇ ತೋರಿಸುತ್ತಿತ್ತು.

ನನ್ನ ಮುಂದೆ ನಿಂತಿದ್ದವನು ಉಲ್ಲಾಳದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಹನುಮಂತಪ್ಪ, ರಾಯಚೂರು ಕಡೆಯವನು. ಮಣ್ಣು ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದಿದ್ದ.

"ಇನ್ನೊಮ್ಮಿ ನೋಡ್ರೀ ಅಕ್ಕಾರ. ನಮ್ಮಾಕಿ ಹೆಸರು ಶರಣಮ್ಮ ರೀ. ಗದ್ದದ ಮ್ಯಾಲೆ ಹಚ್ಚಿ ಐತ್ರೀ."

"ಎಲ್ಲಾ ಆಸ್ಪತ್ರೆದೂ ನೋಡ್ದೆ ಅಣ್ಣ. ಗುರುತು ಸಿಗದೆ ಇರೋರಲ್ಲಿ ಆ ಥರ ಯಾರೂ ಇಲ್ಲ," ಎಂದಳು ಕಂಪ್ಯೂಟರಿನ ಮುಂದಿದ್ದ ಪೊಲೀಸ್ ಹುಡುಗಿ. ಅವನು ಅಲ್ಲೇ ಕಂಬಕ್ಕೆ ಒರಗಿ ಕುಸಿದು ಕೂತ. ನನಗೆ ಪಾಪ ಅನ್ನಿಸಿತು. ಆದರೂ ನಿಜ ಹೇಳುತ್ತೇನೆ, ತಲೆಯಲ್ಲಿ ಓಡುತ್ತಿದ್ದದ್ದು ನನ್ನ ರೇಷ್ಮೆ ಸೀರೆಯೇ.

ನಾನು ಹೆಸರು ಹೇಳಿದೆ. ಹುಡುಗಿ ಟೈಪ್ ಮಾಡಿದವಳು ನನ್ನ ಮುಖವನ್ನು ಮರುಕದಿಂದ ನೋಡಿದಳು.

"ಸರೋಜಮ್ಮನವರಿಗೆ ನೀವು ಏನಾಗ್ಬೇಕು ಆಂಟಿ?"

"ಏನಾಗೋದು? ನಾನೇ ಸರೋಜಮ್ಮ ಕಣಮ್ಮ!"

"ಇಲ್ಲ ಆಂಟಿ, ಅವರು ಆಸ್ಪತ್ರೆಲಿದಾರೆ, ಪ್ರಜ್ಞೆ ಇಲ್ಲ. ಕೈಲಿದ್ದ ಬ್ಯಾಗಲ್ಲಿ ವೋಟರ್ ಕಾರ್ಡ್ ಸಿಕ್ತು. ತಲೆಗೆ ಪೆಟ್ಟಾಗಿದೆ, ತಕ್ಷಣ ಆಪರೇಷನ್ ಮಾಡ್ಬೇಕು. ಸಹಿ ಹಾಕೋಕೆ ಅವರ ಯಜಮಾನ್ರಿಗೆ ಫೋನ್ ಮಾಡಿದೀವಿ."

"ನಾನು ನಿನ್ನ ಕಣ್ಮುಂದೆ ಗುಂಡುಕಲ್ಲಿನ ಹಾಗೆ ನಿಂತಿದೀನಲ್ಲೇ! ಏನು ಬರ್ಕೊಂಡಿದೀಯ, ಓದು ನೋಡೋಣ."

ಅವಳು ಓದಿದಳು. "ಹಸಿರು ಸೀರೆ. ವಯಸ್ಸು ಸುಮಾರು ಮೂವತ್ತು. ಗದ್ದದ ಮೇಲೆ ಹಚ್ಚೆ."

ನಾನು ಥಟ್ಟನೆ ತಿರುಗಿ, ಕಂಬಕ್ಕೆ ಒರಗಿ ಕೂತಿದ್ದವನನ್ನು "ಅಣ್ಣಾ, ಬೇಗ ಬಾ ಇಲ್ಲಿ! ನಿನ್ನ ಹೆಂಡ್ತಿ ಹಸಿರು ಸೀರೆ ಉಟ್ಟಿದ್ಳಾ?" ಎಂದು ಕೂಗಿದೆ.

"ಹೌದ್ರೀ! ನಮ್ಮಾಕೀನ ಅದು!"

ಗುರುತು ಸಿಕ್ಕವರನ್ನು ಆ ಕಂಪ್ಯೂಟರು ಮತ್ತೆ ಹುಡುಕುತ್ತಿರಲಿಲ್ಲ. ಫೋಟೋ ಮಸುಕಾಗಿದ್ದ ನನ್ನ ಕಾರ್ಡಿನಿಂದಾಗಿ ಶರಣಮ್ಮನಿಗೆ ನನ್ನ ಹೆಸರು ಬಿದ್ದಿತ್ತು, ಅವಳ ಗಂಡ ಎಷ್ಟು ಸಲ ಕೇಳಿದರೂ ಇಲ್ಲ ಎಂದೇ ಬರುತ್ತಿತ್ತು. ಹುಡುಗಿ ನನ್ನ ಹೆಸರು ತೆಗೆದು ಏನೋ ಒತ್ತಿದಳು. ಅವನು ಹೇಳಿದ ಗುರುತು, ಆಸ್ಪತ್ರೆಯವರು ಕಳಿಸಿದ ಗುರುತು, ಎರಡೂ ಪಕ್ಕ ಪಕ್ಕದಲ್ಲಿ ಬಂದು ನಿಂತವು. ಹನುಮಂತಪ್ಪನನ್ನು ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಪುಣ್ಯಕ್ಕೆ ಸಹಿಯೂ ಆಯಿತು, ಆಪರೇಷನ್ನೂ ಆಯಿತು.

ನಮ್ಮವರ ನೆನಪು ಆಮೇಲೆ ಬಂತು! ಪೊಲೀಸರ ಫೋನಿನಿಂದಲೇ ಮಾತಾಡಿದೆ. "ನಾನು ಕಣ್ರೀ, ಚೆನ್ನಾಗಿದೀನಿ" ಅಂದೆ. ಆಸ್ಪತ್ರೆಗೆ ಹೊರಟಿದ್ದವರು ಆಟೋದಲ್ಲೇ ಗೊಳೋ ಎಂದು ಅತ್ತುಬಿಟ್ಟರು. ಅಳು ನಿಂತ ಮೇಲೆ ಶುರುವಾಯಿತು, "ಬ್ಯಾಗ್ ಎಸೀಬೇಡ ಎಸೀಬೇಡ ಅಂತ ಬಡ್ಕೊಂಡಿರ್ಲಿಲ್ವೇನೇ?" ಆ ಬೈಗುಳ ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ.

ಹಬ್ಬ ಮುಗಿದ ಮೇಲೆ ಬಾಳೆಹಣ್ಣು, ಕಡುಬು ಕಟ್ಟಿಕೊಂಡು ಇಬ್ಬರೂ ಶರಣಮ್ಮನನ್ನು ನೋಡಲು ಹೋದೆವು. ತಲೆಗೆ ಬಟ್ಟೆ ಸುತ್ತಿದ್ದರು, ಮುಖದಲ್ಲಿ ಕಳೆ ಬಂದಿತ್ತು. ನನ್ನ ಬ್ಯಾಗು ಪೊಲೀಸರಿಂದ ಹಿಂದಿನ ದಿನವಷ್ಟೇ ಕೈ ಸೇರಿತ್ತು, ಅದನ್ನೇ ಹಿಡಿದು ಹೋಗಿದ್ದೆ. ಅದನ್ನು ನೋಡಿದ ಕೂಡಲೇ ಅವಳು ನಕ್ಕಳು.

"ಇದು ನಿಮ್ದಾ ಅಕ್ಕಾರ? ಯಾರೋ ಬರ್ತಾರ ಅಂತ ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ದೆ ರೀ. ಒಬ್ಬಾವ ಬಂದು ಆ ಸೀಟಿನ್ಯಾಗ ಕುಂದ್ರಾಕ ಹತ್ತಿದ್ದ. ಮಂದಿ ಅದಾರಪ್ಪ, ಬರ್ತಾರ, ಕುಂದ್ರಬ್ಯಾಡ ಅಂದೆ. ನೀವು ಬರ್ಲೇ ಇಲ್ಲ!"

ಬಸ್ಸಿನ ಹಿಂದೆ ನಿಂತು ನಾನು ಹಾಕಿದ ಶಾಪವೆಲ್ಲ ನೆನಪಾಯಿತು. ಬ್ಯಾಗಿನಲ್ಲಿದ್ದ ಆ ರೇಷ್ಮೆ ಸೀರೆಯನ್ನೇ ಅವಳ ಮಡಿಲಿಗೆ ಹಾಕಿದೆ. ಬೇಡ ಬೇಡ ಎಂದಳು, ನಾನು ಬಿಡಲಿಲ್ಲ.

ಈಗಲೂ ಬಸ್ಸಿನಲ್ಲಿ ಕೂತಿದ್ದಾಗ ಕಿಟಕಿಯಿಂದ ಯಾರದೋ ಬ್ಯಾಗು ಬಂದು ಬೀಳುತ್ತದೆ. ನಾನು ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ಕೂರಲು ಬಂದವರಿಗೆ "ಜನ ಇದಾರೆ, ಬರ್ತಾರೆ" ಎನ್ನುತ್ತೇನೆ. ಆ ಬ್ಯಾಗಿನವರು ಬಂದು ಕೂರುವ ತನಕ ನನ್ನ ಕಣ್ಣು ಬಾಗಿಲ ಮೇಲೇ ಇರುತ್ತದೆ.